ಸ್ವಲ್ಪ ಬಾಯಿ ಬಿಡಿ, ಡಾಕ್ಟ್ರೇ!

ಮಂಗಳೂರಿನ ಸಮಸ್ತ ಕುಟುಂಬ ವೈದ್ಯರಿಗೆ,

ಮಾನ್ಯರೇ,

ನಿನ್ನೆ ಸಂಜೆ ನಗರದ ಒಂದು ಕ್ಲಿನಿಕ್ಕಿನಲ್ಲಿ (ಹೆಸರು ಬೇಡ, ನಾಳೆ ಜ್ವರ ಬಂದರೆ ಅಲ್ಲಿಗೇ ಹೋಗಬೇಕು) ಈ ಪತ್ರ ಬರೆಯುವವನ ದೊಡ್ಡಮ್ಮ ಎರಡೂವರೆ ಗಂಟೆ ಕಾದರು. ಟೋಕನ್ ನಂಬರ್ 34. ಒಳಗಿದ್ದದ್ದು ನಾಲ್ಕು ನಿಮಿಷ. ಬಿಪಿ ನೋಡಿದ್ದಾಯಿತು, ಶುಗರ್ ರಿಪೋರ್ಟ್ ನೋಡಿದ್ದಾಯಿತು, ಮಾತ್ರೆ ಬರೆದದ್ದೂ ಆಯಿತು. ಏಳುವಾಗ ದೊಡ್ಡಮ್ಮ ಮೆಲ್ಲಗೆ ಕೇಳಿದರು:

“ಈ ಕ್ಯಾನ್ಸರ್ ತಪಾಸಣೆ ಅಂತ ಮಾಡ್ತಾರಲ್ಲ ಡಾಕ್ಟ್ರೇ, ನನಗೂ ಒಮ್ಮೆ ಮಾಡಬಹುದಾ?”

“ತೊಂದರೆ ಏನಾದ್ರೂ ಉಂಟಾ?”

“ಇಲ್ಲ.”

“ಮತ್ತೆ ಎಂಥಕ್ಕಮ್ಮ ಸುಮ್ಮನೆ? ತೊಂದರೆ ಬಂದ ಮೇಲೆ ಬನ್ನಿ.”

ಎಂಥ ಶಿಸ್ತು! ರೋಗವೂ ಟೋಕನ್ ತೆಗೆದುಕೊಂಡು ಹೊರಗೆ ಬೆಂಚಿನಲ್ಲಿ ಕೂರಬೇಕು, ನಂಬರ್ ಕರೆದಾಗ ಒಳಗೆ ಬರಬೇಕು. ಗರ್ಭಕೊರಳಿನ ಕ್ಯಾನ್ಸರಿಗೆ ಮಾತ್ರ ಈ ಮರ್ಯಾದೆ ಗೊತ್ತಿಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದು, ಕೈ ಮೀರುವ ಹೊತ್ತಿಗೆ ಬಾಗಿಲು ಬಡಿಯುತ್ತದೆ. ತಪಾಸಣೆ ಇರುವುದೇ ತೊಂದರೆ ಇಲ್ಲದವರಿಗೆ ಎಂಬುದು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮನಿಗೆ ಹೇಗೋ ತಿಳಿದಿದೆ. ಎಂಟು ಮೆಡಿಕಲ್ ಕಾಲೇಜುಗಳಿರುವ ಜಿಲ್ಲೆ ಇದು, ಮಾರಾಯ್ರೆ.

ಸರಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ: 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ ನೋಡಬೇಕು, ಹೆಂಗಸರಿಗೆ ಸ್ತನ, ಗರ್ಭಕೊರಳೂ ಸೇರಬೇಕು. ನೋಡಿದ್ದೆಷ್ಟು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಆದವರು ಶೇಕಡಾ 1.9. ಸ್ತನ, ಬಾಯಿ ಎರಡೂ 0.9. ಉಳಿದವರೆಲ್ಲ ತೊಂದರೆ ಬಂದ ಮೇಲೆ ಬರುವವರು.

ಮೆಷಿನ್ ಇಲ್ಲ ಎನ್ನುವಿರಾ? ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಮೆಷಿನ್ ಇರಲಿಲ್ಲ. ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟರು. ಅವರು ಅಡುಗೆಮನೆಯ ವಿನೆಗರ್‌ನಂಥದೇ ದ್ರಾವಣ ಹಚ್ಚಿ, ಬಿಳಿ ಕಲೆ ಏಳುತ್ತದೆಯೇ ಎಂದು ಬರಿಗಣ್ಣಲ್ಲಿ ನೋಡಿದರು. ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿಯಿತು.

ಹೋಗಲಿ, ಅದಕ್ಕೆ ಪರದೆ ಬೇಕು, ನರ್ಸ್ ಬೇಕು, ಹೊರಗೆ ಇನ್ನೂ ಅರುವತ್ತು ಜನ ಕಾಯುತ್ತಿದ್ದಾರೆ. ಒಪ್ಪೋಣ. ಆದರೆ ಬಾಯಿ?

ದೊಡ್ಡಮ್ಮ ನಲ್ವತ್ತು ವರ್ಷದಿಂದ ಎಲೆಯಡಿಕೆ ಜಗಿಯುತ್ತಾರೆ, ಜೊತೆಗೆ ಹೊಗೆಸೊಪ್ಪು. ತುಟಿ ನೋಡಿದರೆ ಸಾಕು, ಯಾರೂ ಹೇಳಬೇಕಿಲ್ಲ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕ ಕಳೆಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಪ್ರಧಾನ ಕಚೇರಿ ಇರುವ ಊರಿನಲ್ಲಿ ಅಡಿಕೆಯ ವಿರುದ್ಧ ಬಾಯಿ ಬಿಡುವುದು ಕಷ್ಟ, ಅದೂ ಒಪ್ಪಿದೆ. ತಾವು ಬಿಡಬೇಡಿ. ರೋಗಿಗೆ “ಬಾಯಿ ಬಿಡಿ” ಎನ್ನಲು ಎಷ್ಟು ಹೊತ್ತು ಬೇಕು? ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಬಾಯಿ ನೋಡಿದ್ದಕ್ಕೆ ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತೆಂದು 2005ರಲ್ಲೇ ಪ್ರಕಟವಾಗಿದೆ.

ಮೇಜಿನ ಮೇಲೆ ಟಾರ್ಚ್ ಇತ್ತು, ಡಾಕ್ಟ್ರೇ. ಫ್ಯಾನಿನ ಗಾಳಿಗೆ ಚೀಟಿ ಹಾರದಂತೆ ಭಾರಕ್ಕೆ ಇಟ್ಟದ್ದು. ಕೈ ಚಾಚಿದರೆ ಸಿಗುತ್ತಿತ್ತು. ಎರಡು ನಿಮಿಷದ ಕೆಲಸ. ಮುನ್ನೂರು ರೂಪಾಯಿ ಫೀಸು ಕೊಟ್ಟು ಎರಡೂವರೆ ಗಂಟೆ ಕಾದ ಹೆಂಗಸಿಗೆ ಎರಡು ನಿಮಿಷ ಇಲ್ಲವೆಂದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ವಿಡಂಬನೆ ಬರೆಯಲು ಕೂತವನಿಗೆ ಇಲ್ಲಿ ನಗುವೇ ಬರಲಿಲ್ಲ.

ಮುಂದಿನ ತಿಂಗಳು ಶುಗರ್ ತೋರಿಸಲು ದೊಡ್ಡಮ್ಮ ಮತ್ತೆ ಬರುತ್ತಾರೆ. ಕರೆಂಟ್ ಹೋದಾಗ ಹಿಡಿಯುವ ದೊಡ್ಡ ಟಾರ್ಚನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದಾರೆ. ಬ್ಯಾಟರಿ ಹೊಸದು.

ಇತಿ,
ಟೋಕನ್ ನಂಬರ್ 34ರ ಪಕ್ಕದಲ್ಲಿ ಕೂತಿದ್ದವ