ಕುಕ್ಕುಟಗೃಹ ಮೀಮಾಂಸೆ: ಚಿಲಕಾಧ್ಯಾಯ ಸಹಿತ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಗೆ ಇದುವರೆಗೆ ಬಂದ ಭಾಷ್ಯಗಳೆಲ್ಲ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಕೋಳಿಯನ್ನು ಕೇಳಿ ಗೂಡು ಕಟ್ಟುತ್ತಾರೆಯೇ ಎಂಬ ಪ್ರಶ್ನೆ ಅದಕ್ಕೂ ಹಿಂದಿನದು. ಮಸಾಲೆಯ ತನಕ ಬರಬೇಕಾದರೆ ಕೋಳಿ ಮೊದಲು ರಾತ್ರಿಗಳನ್ನು ದಾಟಬೇಕಲ್ಲ? ವಿದ್ವತ್ ಲೋಕದ ಈ ಲೋಪವನ್ನು ಸರಿಪಡಿಸಲು ಮಲೆನಾಡಿನ ಒಂದು ಹಿತ್ತಲು, ಆರು ಹೇಂಟೆ, ಒಂದು ಹುಂಜ ಮತ್ತು ಇವಾವುದರ ಮಾತನ್ನೂ ಕೇಳದ ಒಬ್ಬ ಸಂಶೋಧಕ ಸಾಕೆಂದು ಪ್ರಸ್ತುತ ಪ್ರಬಂಧ ನಂಬುತ್ತದೆ.

ಮೊದಲಿಗೆ ಪೂರ್ವಸೂರಿಗಳಿಗೆ ನಮಸ್ಕಾರ. ರೋಮಿನ ವಾರೋ ಕ್ರಿ.ಪೂ. 37ರ ತನ್ನ ಕೃಷಿಗ್ರಂಥದಲ್ಲಿ 200 ಕೋಳಿಗಳಿಗೆ ಪೂರ್ವಾಭಿಮುಖವಾದ ಜೋಡಿಗೂಡು ಹೇಳಿದ್ದಾನೆ. ಬೆಳಕು ಬರಬೇಕು, ಕೋಳಿಗೆ ಕೇಡು ಮಾಡುವ ಪ್ರಾಣಿ ಮಾತ್ರ ಬರಬಾರದು, ಹಾಗೆ ಕಡ್ಡಿ ಹೆಣೆದ ಕಿಟಕಿಯನ್ನೂ ವಿಧಿಸಿದ್ದಾನೆ. ಪೂರ್ವ ಎಂದ ಕೂಡಲೇ ವಾಸ್ತು ಪಂಡಿತರ ಕಿವಿ ನಿಮಿರುವುದು ಸಹಜ. ಆದರೆ ನಮ್ಮ ಪಶುವೈದ್ಯರ ಮತ ಬೇರೆ. ಬಿಸಿಲ ನಾಡಿನಲ್ಲಿ ಗೂಡಿನ ಉದ್ದ ಪೂರ್ವ–ಪಶ್ಚಿಮಕ್ಕಿರಬೇಕು, ಜಾಲರಿಯ ಮೈ ಉತ್ತರ–ದಕ್ಷಿಣಕ್ಕೆ. ಆಗ ಬೆಳಗಿನ, ಸಂಜೆಯ ಬಿಸಿಲು ನೇರ ಒಳನುಗ್ಗದು. ಇನ್ನು ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ನೈಋತ್ಯ ಮೂಲೆಯ ಬಗ್ಗೆ ಕೋಳಿಗಿರುವ ತಕರಾರು ಒಂದೇ. ಜೂನ್ ಹಿಡಿದರೆ ಎರಚಲು ಹೊಡೆಯುವುದು ಆ ಕಡೆಯಿಂದ. ಅತ್ತ ಗೋಡೆಯೋ ತಟ್ಟಿಯೋ ಇರಲಿ, ಮಾಡು ಎರಡಡಿ ಮುಂದೆ ಚಾಚಿರಲಿ. ಉಳಿದ ದಿಕ್ಕುಗಳನ್ನು ವಾಸ್ತು ಪಂಡಿತರಿಗೆ ಬಿಡಬಹುದು.

ಗೃಹವಿಚಾರದಲ್ಲಿ ಮುಖ್ಯ ಪಂಥಗಳು ಎರಡು. ಮರಪಂಥದ ಪ್ರವರ್ತಕ ಸ್ವತಃ ಕೋಳಿ. ಅದರ ಪೂರ್ವಜನಾದ ಕೆಂಪು ಕಾಡುಕೋಳಿ ರಾತ್ರಿ ಮಲಗುವುದು ಮರದ ಕೊಂಬೆಯಲ್ಲಿ. ಆ ಪರಂಪರೆ ಬಿಡದ ನಾಟಿ ಹೇಂಟೆ, ಸಾವಿರಾರು ರೂಪಾಯಿಯ ಗೂಡನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ ಹಲಸಿನ ಮರ ಹತ್ತುತ್ತದೆ. ಮಂಕರಿಪಂಥದ ಆಚಾರ್ಯೆ ಮನೆಯ ಅಜ್ಜಿ. ಸಂಜೆ ಕೋಳಿಯನ್ನು ಹಿಡಿದು ಬಿದಿರ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಿದರೆ ಶಾಸ್ತ್ರ ಮುಗಿಯಿತು. ಗ್ರಂಥವಿಲ್ಲ, ಚರ್ಚೆಯಿಲ್ಲ.

ಇವೆರಡನ್ನೂ ಖಂಡಿಸಿದ ಸಂಶೋಧಕ ಪೇಟೆಗೆ ಹೋಗಿ ಆರು ಮೂಲೆಯ ಕಣ್ಣುಗಳಿರುವ ಕೋಳಿಬಲೆ ತಂದ. ಕಬ್ಬಿಣದ ಅಂಗಡಿಯವರು ಯಾರಿಗೂ ಹೇಳದ ರಹಸ್ಯವೆಂದರೆ, ಆ ಬಲೆ ಕೋಳಿ ಹೊರಗೆ ಹೋಗದಿರಲು ಮಾಡಿದ್ದು; ಬೇರೆಯವರು ಒಳಗೆ ಬರದಿರಲು ಅಲ್ಲ. ನಾಯಿ ಅದನ್ನು ಹರಿಯುತ್ತದೆ, ಹಾವು ನುಸುಳುತ್ತದೆ, ಪುನುಗಿನ ಬೆಕ್ಕು ಕಣ್ಣಿನೊಳಗೆ ಕೈಹಾಕಿ ಸಿಕ್ಕಷ್ಟು ಎಳೆಯುತ್ತದೆ. ಬೇಕಾದದ್ದು ಅರ್ಧ ಇಂಚಿನ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ. ಅದೂ ನೆಲದ ಮಟ್ಟಕ್ಕೆ ನಿಂತರೆ ಸಾಲದು. ಒಂದಡಿ ಆಳಕ್ಕೆ ಹೂಳಬೇಕು, ಇಲ್ಲವೇ ಹೊರಮಗ್ಗುಲಿಗೆ ಮಡಚಿ ನೆಲದ ಮೇಲೆ ಹಾಸಿ ಕಲ್ಲು ಹೇರಬೇಕು. ನಾಯಿಯೋ ಹೆಗ್ಗಣವೋ ತೋಡಲು ತೊಡಗುವುದು ಗೋಡೆಯ ಬುಡದಲ್ಲೇ. ಎರಡಡಿ ಹಿಂದೆ ಸರಿದು ಸುರಂಗ ಶುರುಮಾಡುವಷ್ಟು ಇಂಜಿನಿಯರಿಂಗ್ ಅವು ಓದಿಲ್ಲ.

ಶತ್ರುನಿರ್ಣಯಕ್ಕೆ ತರ್ಕಶಾಸ್ತ್ರದ ಪ್ರಮಾಣಗಳೇ ಗತಿ. ಮುಂಗುಸಿ ಪ್ರತ್ಯಕ್ಷ ಪ್ರಮಾಣ: ಅದರದು ಹಗಲಿನ ಪಾಳಿ, ಕಣ್ಣೆದುರೇ ಮರಿ ಕಚ್ಚಿಕೊಂಡು ಬೇಲಿ ದಾಟುತ್ತದೆ. ಪುನುಗಿನ ಬೆಕ್ಕು ಅನುಮಾನ ಪ್ರಮಾಣ. ಹೊಗೆಯಿದ್ದಲ್ಲಿ ಬೆಂಕಿ ಎನ್ನುವಂತೆ, ಬೆಳಿಗ್ಗೆ ಪುಕ್ಕವಿದ್ದಲ್ಲಿ ರಾತ್ರಿ ಬೆಕ್ಕು. ಮಧ್ಯರಾತ್ರಿ ಗೂಡಿನೊಳಗಿಂದ ಏಳುವ ಗದ್ದಲವೇ ಶಬ್ದ ಪ್ರಮಾಣ. ಅಷ್ಟು ಹೊತ್ತಿಗೆ ಬ್ಯಾಟರಿ ಹುಡುಕುವುದೊಂದೇ ಸಂಶೋಧನೆ. ಹೆಬ್ಬಾವಿಗೆ ಯಾವ ಪ್ರಮಾಣವೂ ಬೇಡ. ಕೋಳಿ ನುಂಗಿದ ಹೊಟ್ಟೆ ಬಂದ ಕಿಂಡಿಯಲ್ಲಿ ಹಿಡಿಸದೆ, ಬೆಳಗಿನ ತನಕ ಗೂಡಿನಲ್ಲೇ ಸುರುಳಿ ಸುತ್ತಿರುತ್ತದೆ. ಸ್ಥಳದಲ್ಲೇ ಸಿಕ್ಕಿಬೀಳುವ ಪ್ರಾಮಾಣಿಕ ಆರೋಪಿ ಅದೊಂದೇ.

ಭದ್ರತೆಯ ಉತ್ಸಾಹದಲ್ಲಿ ಸಂಶೋಧಕ ಗೂಡಿಗೆ ನಾಲ್ಕೂ ಕಡೆ ಹಲಗೆ ಬಡಿದ. ಇದು ಕೋಟೆಯ ಲಕ್ಷಣ, ಮನೆಯದ್ದಲ್ಲ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬೆವರಿನ ಗ್ರಂಥಿಯಿಲ್ಲ, ಸೆಕೆಗೆ ಬಾಯಿ ತೆರೆದು ಏದುವುದೇ ಉಪಾಯ. ಮೇಲಾಗಿ ರಾತ್ರಿಯಿಡೀ ಹಿಕ್ಕೆ ಹಾಕುತ್ತದೆ, ತೇವದ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಕಣ್ಣು, ಶ್ವಾಸ ಎರಡೂ ಕೆಡುತ್ತವೆ. ಕೂರುವ ಕೋಲಿಗಿಂತ ಮೇಲೆ, ಸೂರಿನ ಕೆಳಗೆ ಜಾಲರಿ ಹಾಕಿದ ಗಾಳಿಕಿಂಡಿ ಬೇಕು. ನೆಲಕ್ಕೆ ಒಣಗಿದ ಭತ್ತದ ಹೊಟ್ಟು ಬೇಕು. ಸಾಕಷ್ಟು ಗಾಳಿಯಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಬೆಳಿಗ್ಗೆ ತಲೆ ಒಳಗಿಟ್ಟು ಮೂಸಿದರೆ ಸಾಕು. ಮನೆಯವರು ನೋಡದ ಹೊತ್ತಿನಲ್ಲಿ ಈ ಪರೀಕ್ಷೆ ಮಾಡುವುದು ಒಳಿತು.

ಅಳತೆಯ ಅಧ್ಯಾಯದಲ್ಲಿ ಗಣಿತವಿದೆ. ತಲೆಗೆ 4 ಚದರ ಅಡಿ, ಏಳಕ್ಕೆ 28. ಕೂರಲು ತಲೆಗೆ 10 ಇಂಚು, ಒಟ್ಟು ಆರಡಿಯ ಕೋಲು. ಕೋಲು ಬಂದ ದಿನ ಏಳೂ ಕೋಳಿಗಳು ಒಂದು ತುದಿಯ ಮೂರಡಿಯಲ್ಲಿ ಒತ್ತಿಕೊಂಡು ಕೂತು, ಯಾರು ಎಲ್ಲಿ ಎಂದು ಕುಕ್ಕಾಡಿಕೊಂಡವು. ನಾರ್ವೆಯ ಷೆಲ್ಡೆರುಪ್-ಎಬ್ಬೆ ಕೋಳಿಗಳ ಈ ಕುಕ್ಕುವ ಶ್ರೇಣಿಯನ್ನು ವಿವರಿಸಿ 1922ರಲ್ಲಿ ಲೇಖನ ಪ್ರಕಟಿಸಿದ. ಬಫೆ ಬರುವ ಮುಂಚಿನ ನಮ್ಮ ಮದುವೆ ಪಂಕ್ತಿಗಳನ್ನು ನೋಡಿದ್ದರೆ ಅವನ ಕೆಲಸ ಹಗುರವಾಗುತ್ತಿತ್ತು. ಬೆಂಗಳೂರಿನ ಪಶುವೈದ್ಯ ಕಾಲೇಜಿನ ಕೊಡುಗೆಯಾದ ಗಿರಿರಾಜ ತಳಿಗಾದರೆ ಕೋಲು ತಗ್ಗಿನಲ್ಲಿರಲಿ. ಭಾರದ ಮೈ ಎತ್ತರದಿಂದ ಧುಮುಕಿದರೆ ಅಂಗಾಲು ಬಾಯುತ್ತದೆ.

ಮೊಟ್ಟೆಯ ಪೆಟ್ಟಿಗೆ ನಾಲ್ಕೈದು ಹೇಂಟೆಗೆ ಒಂದು, ಕೋಲಿಗಿಂತ ಕೆಳಗೆ. ಮೇಲಿಟ್ಟರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಎರಡು ಪೆಟ್ಟಿಗೆಯಿಟ್ಟರೂ ಆರೂ ಹೇಂಟೆಗಳು ಒಂದಕ್ಕೇ ಸರದಿ ನಿಲ್ಲುವುದು, ಸರದಿ ತಪ್ಪಿದವಳು ಸೌದೆರಾಶಿಯ ಮೇಲೆ ಇಡುವುದು ಶಾಸ್ತ್ರಸಮ್ಮತ. ಮರದ ಸಂದಿಗಳಿಗೆ ಸುಣ್ಣ, ಮೂಲೆಯಲ್ಲಿ ಹೊರಳಲು ಬೂದಿ.

ಹೀಗೆ ಶಾಸ್ತ್ರೋಕ್ತವಾಗಿ ಗೂಡು ಎದ್ದು ನಿಂತಿತು. ಹನ್ನೊಂದನೆಯ ರಾತ್ರಿ ಎರಡು ಹೇಂಟೆ ಹೋದವು. ಸಂಶೋಧಕ ಜಾಲರಿಯ ಕಣ್ಣು ಕಣ್ಣನ್ನೂ ಅಳೆದ, ಬುಡ ಕೆದಕಿದ, ಎಲ್ಲೂ ಲೋಪ ಕಾಣಲಿಲ್ಲ.

ಅಜ್ಜಿ ಜಗಲಿಯಿಂದಲೇ ಕೇಳಿದರು: "ನಿನ್ನೆ ಬಾಗಿಲು ಹಾಕಿದ್ದು ಯಾರೋ ಮಗಾ?"

ಸಂಶೋಧಕ ಅಂದು ಸಂಜೆ ಇದೇ ಪ್ರಬಂಧದ ಉಪಸಂಹಾರ ಬರೆಯುತ್ತ ಕೂತಿದ್ದ. ಅದು ಪೂರ್ತಿಯಾಗಿಲ್ಲ. ಓದುಗರು ಕೋಳಿ ಸಾಕಿದವರಾಗಿದ್ದು, ಹೊತ್ತು ಮುಳುಗಿದ್ದರೆ, ಪತ್ರಿಕೆ ಮಡಚಿಟ್ಟು ಒಮ್ಮೆ ಹಿತ್ತಲಿಗೆ ಹೋಗಿ ಚಿಲಕ ನೋಡಿ ಬರಬೇಕಾಗಿ ವಿನಂತಿ.