ತೋಟದ್ದು ಲೆಕ್ಕಕ್ಕಿಲ್ಲ

ಏನ್ ಸಾಮಿ, ಇವತ್ತೂ ವಾಕಿಂಗ್ ಆಯ್ತಾ? ಆಗಿರುತ್ತೆ ಬಿಡಿ, ಶೂ ನೋಡಿದ್ರೇ ಗೊತ್ತಾಗುತ್ತೆ. ಬೆಳಕು ಹರಿಯೋಕೆ ಮುಂಚೆ ಮಂಕಿಕ್ಯಾಪು ಏರಿಸಿ, ಟಿವಿಎಸ್ ಹತ್ತಿ, ಕೆರೆ ಏರಿವರೆಗೂ ಗಾಡೀಲಿ ಹೋಗಿ, ಅಲ್ಲಿಂದ ನಡೆಯೋಕೆ ಶುರು ಮಾಡ್ತೀರಿ. (ಮನೆಯಿಂದ ಏರಿಗೆ ನಡೆದ್ರೆ ಅದು ವಾಕಿಂಗ್ ಅಲ್ಲ, ಬರೀ ನಡೆಯೋದು. ಚಿಕ್ಕನಾಯಕನಹಳ್ಳೀಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ.)

ಸರಿ, ತೂಕ ಎಷ್ಟಿಳೀತು? ಅಲ್ಲ, ಮಳೆ ವಿಷಯ ಆಮೇಲೆ ಮಾತಾಡೋಣ, ಮೊದಲು ಇದಕ್ಕೆ ಉತ್ತರ ಹೇಳಿ. ಯುಗಾದೀಲಿ ಬೆಲ್ಟಿನ ಯಾವ ತೂತಲ್ಲಿ ನಿಂತಿದ್ರೋ ದೀಪಾವಳೀಲೂ ಅದೇ ತೂತು. ಕೆಲವರಂತೂ ಇನ್ನೊಂದು ತೂತು ಹೊರಗಡೆಗೆ ಹೊಡೆಸಿಕೊಂಡು ಬಂದಿದ್ದೀರಿ. ಹೆಸರು ಹೇಳಲ್ಲ.

ನಿಮ್ಮ ಉತ್ತರಗಳೂ ನನಗೆ ಬಾಯಿಪಾಠ. ‘ಥೈರಾಯ್ಡ್ ಇರ್ಬೇಕು ಕಣ್ರೀ.’ ಇರಬಹುದು, ರಕ್ತ ಕೊಟ್ಟು ನೋಡಿಸ್ಕೊಳ್ಳಿ, ಅದರಲ್ಲಿ ತಮಾಷೆ ಇಲ್ಲ. ರಿಪೋರ್ಟ್ ನಾರ್ಮಲ್ ಬಂತಾ? ಮತ್ತೆ ಮುಖ ಯಾಕೆ ಸಪ್ಪಗಾಯ್ತು?

‘ನಲವತ್ತಾದ ಮೇಲೆ ಮೈ ಕರಗಲ್ಲ’ ಅನ್ನೋದು ಇನ್ನೊಂದು. ಅದೂ ನಡೆಯಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೇಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ. ಮೈಗಾತ್ರ ಸರಿದೂಗಿಸಿ ನೋಡಿದ್ರೆ 20ರಿಂದ 60 ವರ್ಷದವರೆಗೂ ದೇಹ ಕ್ಯಾಲೊರಿ ಸುಡೋ ವೇಗ ಹೆಚ್ಚೂಕಮ್ಮಿ ಒಂದೇ ಅಂತೆ. ಅರವತ್ತಾಗೋವರೆಗೂ ವಯಸ್ಸಿನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ, ಪಾಪ.

ಈಗ ಸ್ವಲ್ಪ ಹತ್ರ ಬನ್ನಿ. ಎಪ್ಪತ್ತು ಕೆಜಿ ತೂಗೋ ಮನುಷ್ಯ ಮೂರು ಕಿಲೋಮೀಟರ್ ನಡೆದ್ರೆ ಸುಡೋದು ಸುಮಾರು 150 ಕ್ಯಾಲೊರಿ. ನೂರು ಗ್ರಾಂ ಒಣಕೊಬ್ಬರೀಲಿ ಇರೋದು ಸುಮಾರು 660. ಅಂದ್ರೆ ಇಪ್ಪತ್ತೈದು ಗ್ರಾಮಿನ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕ್ಕೊಂಡ್ರೆ ಬೆಳಗಿನ ಬೆವರೆಲ್ಲಾ ವಾಪಸ್ಸು. ಬೆಲ್ಲದ ಅಚ್ಚು ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

‘ನಾನು ಎಲ್ಲಿ ಕೊಬ್ಬರಿ ತಿಂತೀನಿ?’ ಅಂದ್ರಾ? ಅಯ್ಯೋ ಶಿವನೇ! ಕೈಯಲ್ಲಿರೋದೇನು ಮತ್ತೆ?

ನಮ್ಮ ಸೀಮೆ ಗ್ರಹಚಾರ ಇರೋದೇ ಇಲ್ಲಿ. ಬೆಂಗಳೂರಿನವರು ಒಂದು ಕಾಯಿ ತಂದು, ಫ್ರಿಜ್ಜಲ್ಲಿಟ್ಟು, ಚಮಚದಲ್ಲಿ ಉದುರಿಸಿಕೊಂಡು ಮೂರು ದಿನ ಓಡಿಸ್ತಾರೆ. ನಮ್ಮಲ್ಲಿ ಬೆಳಗಿನ ಚಟ್ನಿಗೆ ಒಂದು ಹೋಳು, ಮಧ್ಯಾಹ್ನದ ಸಾರಿಗೆ ಇನ್ನೊಂದು, ಪಲ್ಯದ ಮೇಲೆ ಕಾಣೋ ಹಾಗೆ ತುರಿ. ಕಾಯಿ ಹಾಕದ ಪಲ್ಯ ಬಡಿಸಿದ್ರೆ ‘ಮನೇಲಿ ಎಲ್ಲ ಚೆನ್ನಾಗಿದ್ದೀರಾ?’ ಅಂತ ನೆಂಟರು ಕೇಳ್ತಾರೆ. ತುರಿಯುವಾಗ ಪಕ್ಕದಲ್ಲಿ ನಿಂತು ಒಂದೊಂದು ಹಿಡಿ ಎತ್ತೋರು ಯಾರು? (ಮಕ್ಕಳ ಮೇಲೆ ಹಾಕಬೇಡಿ.) ದೇವಸ್ಥಾನದಿಂದ ಬಂದ ಹೋಳು ಬೇರೆ, ಅದು ಪ್ರಸಾದ, ಬೇಡ ಅನ್ನೋಕಾಗುತ್ತಾ? ಒತ್ತುಶಾವಿಗೆ ಮಾಡಿದ ದಿನ ಕಾಯಿಹಾಲು ಬಟ್ಟಲಲ್ಲಿ ಅಲ್ಲ, ಚೊಂಬಲ್ಲಿ ಬರುತ್ತೆ. ಹಸಿಕಾಯೀಲಿ ನೂರು ಗ್ರಾಮಿಗೆ ಸುಮಾರು 350 ಕ್ಯಾಲೊರಿ. ಒಂದು ದೊಡ್ಡ ಹೋಳೇ ನೂರೈವತ್ತು ಗ್ರಾಂ ತೂಗುತ್ತೆ. ಗುಣಾಕಾರ ನೀವೇ ಮಾಡ್ಕೊಳ್ಳಿ, ನಂಗೆ ಸಂಕಟ ಆಗುತ್ತೆ.

ಗಮನಿಸಿದ್ದೀರಾ, ಹೋಟೆಲಲ್ಲಿ ಮಸಾಲೆ ದೋಸೆ ತಿಂದ ದಿನ ನಿಮಗೆ ತಪ್ಪು ಮಾಡಿದ ಹಾಗನ್ಸುತ್ತೆ. ಅದಕ್ಕೆ ಬಿಲ್ಲು ಬಂದಿರುತ್ತೆ ನೋಡಿ! ದುಡ್ಡು ಕೊಟ್ಟಿದ್ದು ಮಾತ್ರ ತಿಂಡಿ. ಹಿತ್ತಲಿನ ಮರದ್ದಕ್ಕೆ ಯಾರು ಬಿಲ್ ಹಾಕ್ತಾರೆ? ಬಿಲ್ಲಿಲ್ಲ ಅಂದ್ಮೇಲೆ ಕ್ಯಾಲೊರೀನೂ ಇಲ್ಲ ಅಂತ ನಾವೇ ತೀರ್ಮಾನ ಮಾಡ್ಕೊಂಡಿದ್ದೀವಿ.

ಅದೇ ಕೊಬ್ಬರಿ ತಿಪಟೂರು ಎಪಿಎಂಸಿಗೆ ಹೋಗಲಿ, ಆಗ ನೋಡ್ಬೇಕು ನಿಮ್ಮನ್ನ! ತಕ್ಕಡಿ ಮುಳ್ಳು ಒಂದು ಕೂದಲೆಳೆ ಆಚೆ ಹೋದ್ರೂ ಜಗಳ. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ತಿಪಟೂರಲ್ಲಿ ಆ ವರ್ಷ ರೇಟು ಅದರ ಎರಡರಷ್ಟನ್ನೂ ದಾಟಿ ಹೋಯ್ತು. ಆಗಲೂ ನಿಮ್ಮನೆ ಚಟ್ನಿ ತೆಳ್ಳಗಾಗಲಿಲ್ಲ, ಶಭಾಷ್. ಮಾರೋ ಕೊಬ್ಬರಿಗೆ ಗ್ರಾಮಿನ ಲೆಕ್ಕ, ತಿನ್ನೋ ಕೊಬ್ಬರಿಗೆ ಕಣ್ಣಂದಾಜು.

‘ನಮ್ಮಜ್ಜನೂ ಇದೇ ತಿಂದು ಕಡ್ಡಿ ಹಾಗಿದ್ದ, ಅವನು ದುಡೀತಿದ್ದ’ ಅಂತೀರಿ. ತಡೀರಿ, ಅಲ್ಲೊಂದು ಮಜಾ ಇದೆ. ತಾಂಜಾನಿಯಾದಲ್ಲಿ ಹಡ್ಜಾ ಅಂತ ಬೇಟೆ, ಗೆಡ್ಡೆಗೆಣಸು ನಂಬಿಕೊಂಡ ಜನ ಇದ್ದಾರೆ. ನೀವು ವಾರದಲ್ಲಿ ನಡೆಯೋದನ್ನ ಅವರು ಒಂದೆರಡು ದಿನದಲ್ಲೇ ನಡೀತಾರೆ. ಹರ್ಮನ್ ಪಾಂಟ್ಜರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಗಾರರು ಈ ಹಡ್ಜಾ ಜನರ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅಂತ ಅಳೆದು 2012ರಲ್ಲಿ ಪ್ರಕಟಿಸಿದ್ರು. ಮೈಗಾತ್ರ ಲೆಕ್ಕ ಹಿಡಿದ್ರೆ, ಕುರ್ಚೀಲಿ ಕೂತ ಅಮೆರಿಕದವರಷ್ಟೇ!

ಹೆಂಗೆ ಅಂತೀರಾ? ಒಂದು ಕಡೆ ಜಾಸ್ತಿ ಸುಟ್ರೆ ದೇಹ ಇನ್ನೊಂದು ಕಡೆ ಗಪ್‌ಚಿಪ್ಪಾಗಿ ಉಳಿಸಿಕೊಳ್ಳುತ್ತೆ ಅನ್ನೋದು ಪಾಂಟ್ಜರ್ ವಾದ. (ಎಲ್ಲರೂ ಪೂರ್ತಿ ಒಪ್ಪಿಲ್ಲ, ವಿಜ್ಞಾನಿಗಳಲ್ಲೂ ನಮ್ಮ ಅರಳೀಕಟ್ಟೆ ಥರಾನೇ ಚರ್ಚೆ ನಡೀತಿದೆ.) ಹಾಗಾದ್ರೆ ಅಜ್ಜ ತೆಳ್ಳಗಿದ್ದಿದ್ದು ಗುದ್ದಲಿಯಿಂದಷ್ಟೇ ಅಲ್ಲ. ಅಜ್ಜನ ತಟ್ಟೇಲಿ ಮುದ್ದೆ, ಹುರುಳಿಕಟ್ಟು. ಕಾಯಿ ಮಾರೋಕೆ, ಒಬ್ಬಟ್ಟು ಹಬ್ಬಕ್ಕೆ. ನಮಗೆ ಗುರುವಾರಾನೂ ಹಬ್ಬ.

ಇನ್ನು ವಾಕಿಂಗ್ ಮುಗಿಸಿ ಬಂದ ಮೇಲಿನ ಕತೆ. ಏರಿ ಇಳಿದ ತಕ್ಷಣ ಗುಂಪು ಹೋಟೆಲ್ ಕಡೆ ತಾನಾಗೇ ತಿರುಗುತ್ತೆ. ‘ನಡೆದಿದ್ದೀವಲ್ಲ’ ಅಂತ ತಟ್ಟೆ ಇಡ್ಲಿ ಮೇಲೆ ಬೆಣ್ಣೆ. ಮನೆಗೆ ಬಂದ್ರೆ ‘ಬೆಳಿಗ್ಗೇನೇ ನಡೆದಿದ್ದೀನಿ’ ಅಂತ ನೀರಿನ ಲೋಟಕ್ಕೂ ಮಗನನ್ನ ಕೂಗೋದು. ತೋಟದ ಮೋಟ್ರು ಮೊಬೈಲಲ್ಲೇ ಆನು, ಮೊಬೈಲಲ್ಲೇ ಆಫು. ಅರ್ಧ ಗಂಟೆ ನಡೆದ ಧೈರ್ಯದ ಮೇಲೆ ಹದಿನಾಲ್ಕು ಗಂಟೆ ಕೂರ್ತೀರಿ. ಅಟ್ಟದ ಮೇಲಿನ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಾಡದೆ ಕೂತ್ರೆ ನೀರಿಂಗಿ, ಹಗುರಾಗಿ, ಉಂಡೆ ಕೊಬ್ಬರಿ ಆಗುತ್ತೆ. ಅಷ್ಟೇ ತಿಂಗಳು ಕೂತ ನಾವು ಉಂಡೆ ಆಗ್ತೀವಿ, ಹಗುರ ಆಗೋದು ಮಾತ್ರ ಮರೆತುಬಿಡ್ತೀವಿ.

ಭಾನುವಾರ ಬೇರೆ ಮದಲಿಂಗನ ಕಣಿವೆಗೆ ಟ್ರೆಕ್ಕಿಂಗು! ಸ್ಟೇಟಸ್ಸಲ್ಲಿ ಫೋಟೋ ನೋಡಿದೆ. ಮಾಸ್ತಿಯವರು ಆ ಕಣಿವೆ ಮೇಲೆ ಕಾವ್ಯ ಬರೆದ್ರು. ನಿಮ್ಮ ಫೋಟೋದಲ್ಲಿ ಕಣಿವೆಗಿಂತ ಚಿತ್ರಾನ್ನದ ಡಬ್ಬಿ ದೊಡ್ಡದಾಗಿ ಬಿದ್ದಿದೆ. (ಅದರ ಮೇಲೂ ಕಾಯಿತುರಿ, ಜೂಮ್ ಮಾಡಿ ನೋಡಿದೆ.)

ಹಾಗಂತ ನಾಳೆಯಿಂದ ಹೊದ್ದು ಮಲಗಿಬಿಡಬೇಡಿ, ಅದಕ್ಕೇ ಕಾಯ್ತಿರೋರು ನಿಮ್ಮಲ್ಲಿ ಸುಮಾರು ಜನ ಇದ್ದೀರಿ. ನಡಿಗೆಯಿಂದ ಶುಗರ್ರು, ಬಿಪಿ ಹತೋಟಿಗೆ ಬರುತ್ತೆ, ರಾತ್ರಿ ನಿದ್ದೆ ಹತ್ತುತ್ತೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೀರಿ ಅನ್ನೋದು ಸುಮ್ಮನೆ ಅಲ್ಲ. ತೂಕದ ಮಿಷನ್ ಮೇಲೆ ಇವೆಲ್ಲಾ ಕಾಣಲ್ಲ. ಬೇಕಾದ್ರೆ ಟೇಪು ತಗೊಂಡು ಸೊಂಟ ಅಳೀರಿ: ನಮ್ಮ ಕಡೆ ಮೈಕಟ್ಟಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರ ಒಳಗಿದ್ರೆ ಒಳ್ಳೇದು. ಉಸಿರು ಒಳಗೆಳ್ಕೊಂಡು ಅಳೀಬೇಡಿ, ನಾನು ನೋಡ್ತಿದ್ದೀನಿ.

ಕಾಯಿ ಬಿಡಿ ಅಂತ ನಾನು ಹೇಳಲ್ಲ, ಹೇಳಿ ಈ ತಾಲ್ಲೂಕಲ್ಲಿ ಬದುಕೋಕಾಗುತ್ತಾ? ಕೇಳೋದು ಇಷ್ಟೇ. ಮಾರುಕಟ್ಟೇಲಿ ತೋರಿಸೋ ಜುಗ್ಗತನದಲ್ಲಿ ನಾಲ್ಕಾಣೆ ಅಡುಗೆಮನೇಲೂ ತೋರಿಸಿ. ನಾಲ್ಕು ಜನಕ್ಕೆ ದಿನಕ್ಕೆ ಅರ್ಧ ಹೋಳು ಸಾಕು. ಮಿಕ್ಕಿದ್ದನ್ನ ಬಿಸಿಲಿಗಿಡಿ, ಗಿಟುಕಾದ್ರೆ ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ.