ಗೀಜರಿಗೆ ಹಿಂಡಲೆ ಬಳ್ಳಿ

ಕಾಫಿ ಸೀಮೆಯಲ್ಲಿ ಮನೆ ಚೊಕ್ಕ ಮಾಡಲು ವರ್ಷಕ್ಕೆ ಒಂದೇ ಸಂದು ಸಿಗುತ್ತದೆ. ಮಳೆ ಬಿಟ್ಟಿರಬೇಕು, ಅರೇಬಿಕಾ ಹಣ್ಣಾಗಿರಬಾರದು. ನವರಾತ್ರಿಯಿಂದ ದೀಪಾವಳಿಯವರೆಗಿನ ಈ ಅವಧಿಯಲ್ಲಿ ಕಂಬಳಿ, ಹಾಸಿಗೆ, ಪುಸ್ತಕ, ಚಪ್ಪಲಿ, ಬೆಲ್ಟು ಎಲ್ಲವೂ ಅಂಗಳಕ್ಕೆ ಬಂದು ಬಿಸಿಲು ಕಾಯಿಸುತ್ತವೆ. ಜೂನ್‌ನಲ್ಲಿ ಕಪ್ಪಗಿದ್ದ ಬೆಲ್ಟು ಅಕ್ಟೋಬರಿನಲ್ಲಿ ಬೂಷ್ಟು ಹಿಡಿದು ಹಸಿರಾಗಿರುತ್ತದೆ. ಕೊಟ್ಟಿಗೆಹಾರದಿಂದ ಕಳಸದ ಕಡೆ ತಿರುಗಿದ ಮೇಲೆ ಯಾವ ಮನೆಯಲ್ಲೂ ಇದನ್ನೊಂದು ವಿಷಯ ಮಾಡುವುದಿಲ್ಲ. ಒರೆಸಿ ಕಟ್ಟಿಕೊಳ್ಳುತ್ತಾರೆ.

ನಾನು ವಿಷಯ ಮಾಡಿದೆ. ಬೆಂಗಳೂರಿನಲ್ಲಿರುವ ಮಗಳು, ಮಾರಿ ಕೊಂಡೊ ಎಂಬ ಜಪಾನಿ ಹೆಂಗಸು ಬರೆದ ಮನೆ ಒಪ್ಪ ಮಾಡುವ ಪುಸ್ತಕ ಕಳಿಸಿದ್ದಳು. ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು, ಇದು ನನಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಕೊಟ್ಟರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸುವುದು. ಆ ಪುಣ್ಯಾತ್ಗಿತ್ತಿ ಮೂಡಿಗೆರೆ ಕಡೆಯ ಅಟ್ಟ ಹತ್ತಿದವಳಲ್ಲ. ನಮ್ಮ ಅಟ್ಟದ ಸಾಮಾನು ಕೈಯಲ್ಲಿ ಹಿಡಿದರೆ ಮೊದಲು ಬರುವುದು ಸೀನು.

ಸೀನುತ್ತಲೇ ಅಪ್ಪಯ್ಯನ ಟ್ರಂಕು ತೆಗೆದೆ. ಅದರ ತುಂಬ ಕಾಫಿ ಬೋರ್ಡಿನ ಪೂಲ್ ರಸೀದಿಗಳು. ಆಗೆಲ್ಲ ಬೆಳೆದ ಕಾಫಿಯನ್ನು ಬೋರ್ಡಿಗೇ ಹಾಕಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಅದು ಯಾವ ವರ್ಷದ ಕಾಫಿ ಎಂಬುದೇ ಮರೆತಿರುತ್ತಿತ್ತು. 1996ರ ಹೊತ್ತಿಗೆ ಪೂಲ್ ಪದ್ಧತಿಯೇ ಹೋಯಿತು. ಅಪ್ಪಯ್ಯ ಮಾತ್ರ ‘ಯಾವ್ದಾದ್ರೂ ಕಂತು ಬಾಕಿ ಇದ್ರೆ?’ ಎಂದು ಒಂದು ಚೀಟಿಯನ್ನೂ ಎಸೆಯಲು ಬಿಡಲಿಲ್ಲ. ರಸೀದಿ ಹಿಡಿದು ಸಂತೋಷವಾಗುತ್ತದೆಯೇ ಎಂದು ಕೇಳಿಕೊಂಡೆ. ಆಗಲಿಲ್ಲ. ಆದರೆ ಕಂತು ಬಂದರೆ ಆಗುತ್ತದಲ್ಲ! ಮತ್ತೆ ಟ್ರಂಕಿಗೆ ಹಾಕಿದೆ.

ಅದರ ಕೆಳಗೆ ಮಳೆ ಡೈರಿಗಳು. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡದವನು ಬೆಳೆಗಾರನೇ ಅಲ್ಲ ಎಂಬುದು ಅಪ್ಪಯ್ಯನ ನಂಬಿಕೆ. ಕುತೂಹಲಕ್ಕೆ ನಾನು ಹುಟ್ಟಿದ ದಿನದ ಪುಟ ತೆಗೆದೆ. ‘ಮಳೆ 1 ಇಂಚು 40 ಸೆಂಟು. ಬಿಳಿ ಎತ್ತಿಗೆ ಕಾಲುಬಾಯಿ ಜ್ವರ’ ಎಂದಿತ್ತು. ನನ್ನ ಸುದ್ದಿ ಇರಲಿಲ್ಲ. ಇನ್ನೊಂದು ಕಟ್ಟು ಬಗರ್‌ಹುಕುಂ ಅರ್ಜಿಗಳದ್ದು: ಫಾರಂ 50, ಫಾರಂ 53, ಫಾರಂ 57. ನಾಳೆ ಐವತ್ತೇಳಕ್ಕೆ ಐವತ್ತಮೂರರ ಜೆರಾಕ್ಸ್ ತನ್ನಿ ಎಂದರೆ ಎಲ್ಲಿಂದ ತರುವುದು? ಜಪಾನಿನಲ್ಲಿ ಸಂತೋಷ ನೋಡುತ್ತಾರೆ, ನಮ್ಮಲ್ಲಿ ದಾಖಲೆ ನೋಡುತ್ತಾರೆ. ಅದೂ ಟ್ರಂಕಿಗೇ ಹೋಯಿತು. ಮಧ್ಯಾಹ್ನದವರೆಗೆ ಅಟ್ಟ ಬಿಟ್ಟು ಹೊರಟದ್ದು ಒಂದು ಇಲಿ ಮಾತ್ರ. ಅದೂ ತಾನಾಗಿಯೇ.

ಅಷ್ಟರಲ್ಲಿ ರಸ್ತೆಯಲ್ಲಿ ‘ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್, ಹಳೇ ಬ್ಯಾಟ್ರಿ’ ಎಂದು ಗುಜರಿ ಆಟೋ ಕೂಗಿತು. ಅವ್ವ ಕಳಸೇಶ್ವರನ ದರ್ಶನಕ್ಕೆ ಹೋಗಿದ್ದಳು. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಕೊಳಗ, ಲಾಟೀನು, ಕಡೆಗೋಲು ಕೊಟ್ಟೆ. ಗುಜರಿಯವನ ಮುಖ ಇನ್ನೂ ಸಪ್ಪಗಿತ್ತು. ಆಗ ನೆನಪಾದದ್ದು ಬಚ್ಚಲೊಲೆಯಲ್ಲಿ ಹೂತು ಕೂತಿದ್ದ ತಾಮ್ರದ ಹಂಡೆ. ಮನೆಗೆ ಗೀಜರ್ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಸಂತೋಷ ಕೊಡುತ್ತದೆಯೇ ಎಂದು ನೋಡಲು ಎತ್ತಿದೆ, ಸೊಂಟ ಹಿಡಿಯಿತು. ಅಲ್ಲಿಗೆ ಉತ್ತರ ಸಿಕ್ಕಿತು.

ಗುಜರಿಯವನು ಹಂಡೆಯನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ, ‘ಮಸಿಗೆ ಎರಡು ಕೆಜಿ, ಮಣ್ಣಿಗೆ ಒಂದು ಕೆಜಿ ಕಡಿತ ಸಾರ್’ ಎಂದ. ಕಾಫಿ ಮಾರುವಾಗ ತೇವಾಂಶಕ್ಕೊಂದು, ಔಟ್‌ಟರ್ನಿಗೊಂದು ಕಡಿತ ಕೊಟ್ಟು ರೂಢಿಯಾದ ತಲೆ ತಾನಾಗಿಯೇ ಆಡಿತು. ಹಂಡೆ ಆಟೋಗೆ ಹತ್ತಿಸಲು ಹಿಡಿದ ಸೊಂಟದಲ್ಲೇ ಹೆಗಲು ಕೊಟ್ಟೆ. ಪದ್ಧತಿಯಂತೆ ಹಂಡೆಗೆ ಥ್ಯಾಂಕ್ಸ್ ಹೇಳಿದೆ. ಗುಜರಿಯವನು ತನಗೇ ಹೇಳಿದ್ದೆಂದು ತಿಳಿದು ‘ಇರ್ಲಿ ಬಿಡಿ ಸಾರ್’ ಎಂದ.

ನೀರು ತುಂಬುವ ಹಬ್ಬ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಕಡೆ ಹಂಡೆ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ ತಂದ ಹೊಸ ನೀರು ತುಂಬುತ್ತಾರೆ. ಅವ್ವ ಬಳ್ಳಿ ಹಿಡಿದು ಬಚ್ಚಲಿಗೆ ಹೋದಳು. ಒಲೆಯ ಮೇಲೆ ಗುಂಡಗಿನ ತೂತು ಮಾತ್ರ ಇತ್ತು.

‘ಹಂಡೆ ಎಲ್ಲೋ?’

ಹಬ್ಬಕ್ಕೆ ಬಂದಿದ್ದ ಮಗಳು ನನ್ನ ಪರ ವಕಾಲತ್ತು ಹಿಡಿದು, ‘ಅಜ್ಜಿ, ಅದೂ... ಮಾರಿ ಕೊಂಡೊ...’ ಎಂದು ಶುರುಮಾಡಿದಳು.

‘ಮಾರ್ಕೊಂಡ ಅಂತ ಗೊತ್ತಾಯ್ತು. ಎಷ್ಟಕ್ಕೆ?’

ಎಷ್ಟಕ್ಕೆ ಎಂದು ಹೇಳಿದ ಮೇಲೆ ಅವ್ವ ಮಾತು ನಿಲ್ಲಿಸಿದಳು. ತಂದ ಬಳ್ಳಿಯನ್ನು ಯಾವುದಕ್ಕಾದರೂ ಸುತ್ತಲೇಬೇಕಲ್ಲ? ಸ್ಟೂಲು ಹತ್ತಿ ಗೀಜರಿಗೆ ಸುಣ್ಣ-ಕೆಮ್ಮಣ್ಣು ಬಳಿದು ಬಳ್ಳಿ ಸುತ್ತಿದೆ. ಕುಂಕುಮ ಇಡುವಾಗ ಅದರ ಕೆಂಪು ದೀಪ ಒಮ್ಮೆ ಹೊತ್ತಿ ಆರಿತು. ‘ಒಪ್ಪಿಗೆ ಆಯ್ತು ಅನ್ಸುತ್ತೆ’ ಎಂದಳು ಹೆಂಡತಿ.

ಒಪ್ಪಿಗೆ ಆಗಿರಲಿಲ್ಲ. ಬೆಳಗಿನ ಜಾವ ಮನೆಮಂದಿಯೆಲ್ಲ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಕರೆಂಟು ಹೋಯಿತು. ಲೈನ್‌ಮನ್‌ಗೆ ಫೋನು ಮಾಡಿದರೆ ಅವನೂ ಎಣ್ಣೆ ಹಚ್ಚಿಕೊಂಡೇ ಕೂತಿದ್ದ. ಗ್ಯಾಸಿನ ಒಲೆಯ ಮೇಲೆ ಕಡುಬು ಬೇಯುತ್ತಿತ್ತು. ಅದನ್ನು ಇಳಿಸಿ ನೀರಿಡಲು ಅವ್ವ ಒಪ್ಪಲಿಲ್ಲ. ಹಬ್ಬದ ಸ್ನಾನಕ್ಕೆ ಹಂಡೆ ನೀರೇ ಆಗಬೇಕು. ಕೊನೆಗೆ ಹೋಂಸ್ಟೇ ಇಟ್ಟಿರುವ, ಹೆಂಡತಿಯ ಚಿಕ್ಕಪ್ಪನ ಮಗನಿಗೆ ಫೋನು ಮಾಡಿದೆ. ‘ಬನ್ನಿ ಭಾವ, ಹೊಸದಾಗಿ ಹಂಡೆ ಹಾಕ್ಸಿದ್ದೀವಿ’ ಎಂದ. ಜೀಪು ಹತ್ತಿದೆವು. ತಿರುವು ಬಂದಾಗಲೆಲ್ಲ ಹಿಂದಿನ ಸೀಟಿನವರು ಆಚೆಯಿಂದ ಈಚೆಗೆ ಜಾರಿ ಬರುತ್ತಿದ್ದರು. ಸ್ಟೇರಿಂಗು ನನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಎಣ್ಣೆ ಸುರಿಯುವ ನಾವು ಜೀಪಿನಿಂದ ಇಳಿದದ್ದೇ ಬೆಂಗಳೂರಿನ ಗೆಸ್ಟುಗಳು ಚಪ್ಪಾಳೆ ತಟ್ಟಿದರು. ಪ್ಯಾಕೇಜಿನಲ್ಲಿ ಇದೂ ಸೇರಿದೆ ಎಂದುಕೊಂಡರೇನೋ. ಅಂಗಳದ ಹೊಸ ಒಲೆಯ ಮೇಲೆ ಹಂಡೆ ಹೊಳೆಯುತ್ತಿತ್ತು. ಅದರ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ನಮ್ಮಜ್ಜನದು. ಪಕ್ಕದಲ್ಲಿ ನಮ್ಮ ಲಾಟೀನು, ಒಳಗೆ ಬಲ್ಬು. ನಮ್ಮ ಕೊಳಗ ಬೋರಲಾಗಿ ಬಿದ್ದಿತ್ತು, ಅದರ ಮೇಲೆ ಗೆಸ್ಟೊಬ್ಬರ ಫೋನು.

‘ಕೊಳಗ ಬೋರಲು ಹಾಕ್ತಾರೇನ್ರೋ, ದರಿದ್ರ ಬರುತ್ತೆ’ ಎಂದು ಅವ್ವ ನುಗ್ಗಿದಳು. ಕೊಳಗ ಎತ್ತಿಟ್ಟಳು, ಹಂಡೆಯ ಬಳ್ಳಿ ಬಿಚ್ಚಿ ಸರಿಯಾಗಿ ಸುತ್ತಿದಳು, ಬೆಂಕಿ ಹಾಕುತ್ತಿದ್ದ ಹುಡುಗನ ಕೈಯಿಂದ ಸೌದೆ ಕಿತ್ತುಕೊಂಡಳು. ಗೆಸ್ಟುಗಳು ವಿಡಿಯೋ ಮಾಡಿಕೊಂಡರು. ಒಬ್ಬರು ನನ್ನನ್ನು ಹಂಡೆಯ ವಯಸ್ಸು ಕೇಳಿದರು. ನಮ್ಮಜ್ಜನ ಕಾಲದ್ದು ಎಂದೆ. ‘ಓ, ನಿಮ್ಮಜ್ಜನೂ ಇಲ್ಲೇ ಕೆಲ್ಸಕ್ಕಿದ್ರಾ?’ ಎಂದರು.

ಗೆಸ್ಟುಗಳದ್ದೆಲ್ಲ ಮುಗಿದು ನನ್ನ ಸರದಿ ಬಂದಾಗ ನೀರು ಉಗುರುಬೆಚ್ಚಗಾಗಿತ್ತು. ಹಂಡೆ ವಾಪಸು ಕೊಡುತ್ತೀಯಾ ಎಂದು ಭಾವಮೈದುನನನ್ನು ಕೇಳಿದೆ. ಅವನು ಹೇಳಿದ ರೇಟಿಗೆ ಬೆನ್ನಿನ ಎಣ್ಣೆಯ ಜೊತೆ ಬೆವರೂ ಇಳಿಯಿತು. ‘ಮಸಿಗೆ ಕಡಿತ ಇಲ್ವೇನೋ?’ ಎಂದೆ. ‘ಆ ಮಸಿಗೇ ರೇಟು ಭಾವ, ಒರಿಜಿನಲ್ಲು’ ಎಂದ.

ಹಂಡೆ ಅಲ್ಲೇ ಉಳಿಯಿತು. ಈಗ ಹಬ್ಬ ಬಂತೆಂದರೆ ನಮ್ಮ ಮನೆಯ ಮುಂದೆ ಹೋಂಸ್ಟೇಯ ಕಾರು ನಿಲ್ಲುತ್ತದೆ. ಅವ್ವ ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತು ಹೋಗಿ, ನೀರು ತುಂಬುವ ಶಾಸ್ತ್ರ ಮಾಡಿಸಿ, ಕವರಿನಲ್ಲಿ ದುಡ್ಡು ತರುತ್ತಾಳೆ. ಆ ಹಂಡೆಗೆ ಗುಜರಿಯವನು ಕೊಟ್ಟದ್ದಕ್ಕಿಂತ ಅದೇ ಹೆಚ್ಚು. ನನಗೂ ಅಲ್ಲಿ ಏನಾದರೂ ಕೆಲಸ ಇದೆಯೇ ಎಂದು ಭಾವಮೈದುನನನ್ನು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಸದ್ಯಕ್ಕೆ ಬೇಡ ಭಾವ, ನಾವೂ ಸಾಮಾನು ಕಮ್ಮಿ ಮಾಡ್ತಾ ಇದ್ದೀವಿ’ ಎಂದ.